ಮಾಸ್ಟರ್ ಬಾಲ್ ಬಳಸದೆ ಲೂಗಿಯಾ ಮತ್ತು ರೈಕೂ ಹಿಡಿದ ಬಗೆ: ನನ್ನ ಅನುಭವ

ಪೋಕೆಮಾನ್ ಆಟಗಳಲ್ಲಿ ಲೆಜೆಂಡರಿ ಎನಿಸಿಕೊಂಡ ಜೀವಿಗಳನ್ನು ಹಿಡಿಯುವುದು ಬರೀ ಅದೃಷ್ಟದ ಮಾತು ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಅದೃಷ್ಟಕ್ಕೆ ಅದರಲ್ಲಿ ಪಾಲು ಇರುವುದು ನಿಜ. ಆದರೆ ಆ ಪಾಲು ಎಷ್ಟು ದೊಡ್ಡದಿರಬೇಕು ಎಂಬುದು ಕಾಳಗ ಶುರುವಾಗುವ ಮೊದಲೇ, ಹಿಡಿಯಲೆಂದು ಎಸೆಯುವ ಬಾಲ್‌ಗಳಲ್ಲಿ ನಾವು ಚೀಲದಲ್ಲಿ ಯಾವುದನ್ನು ತುಂಬಿಕೊಂಡಿದ್ದೇವೆ ಮತ್ತು ತಂಡದಲ್ಲಿ ಯಾರನ್ನು ಇಟ್ಟುಕೊಂಡಿದ್ದೇವೆ ಎಂಬುದರ ಮೇಲೆ ತೀರ್ಮಾನವಾಗಿರುತ್ತದೆ. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಸೋಲ್‌ಸಿಲ್ವರ್ ಆಡುವಾಗ. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳನ್ನು ಹೊಸದಾಗಿ ರೂಪಿಸಿ 2009ರಲ್ಲಿ ಜಪಾನಿನಲ್ಲಿ ಮೊದಲು ಬಿಡುಗಡೆ ಮಾಡಿದ ಎರಡು ಆಟಗಳಲ್ಲಿ ಅದೂ ಒಂದು. ಎಂಟನೆಯ ಬ್ಯಾಡ್ಜ್ ಗೆದ್ದ ಮೇಲೆ ಪ್ರೊಫೆಸರ್ ಎಲ್ಮ್ ಕೊಡುವ, ಎಸೆದರೆ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್ ಒಂದೇ ಒಂದು, ಹಿಡಿಯಬೇಕಾದ ಲೆಜೆಂಡರಿಗಳು ಮಾತ್ರ ಹಲವು. ಆ ಒಂದನ್ನು ಕೊನೆಯವರೆಗೂ ಮುಟ್ಟದೆ ಉಳಿದವನ್ನು ಹೇಗೆ ಹಿಡಿಯಬಹುದು ಎಂದು ಲೆಕ್ಕ ಹಾಕಿಯೇ ಮುಂದುವರಿದೆ.

ಲೆಕ್ಕದ ತಿರುಳು ಸರಳವಾದದ್ದು. ಪ್ರತಿಯೊಂದು ಪೋಕೆಮಾನ್‌ಗೂ ಕ್ಯಾಚ್ ರೇಟ್ ಎಂಬ ಒಂದು ಸಂಖ್ಯೆ ಇರುತ್ತದೆ. ಸುಲಭವಾಗಿ ಸಿಗುವ ಮ್ಯಾಜಿಕಾರ್ಪ್‌ನಂಥವಕ್ಕೆ ಅದು 255. ಲೂಗಿಯಾ, ಹೋ-ಓ, ರೈಕೂ, ಎಂಟೇ, ಮ್ಯೂಟೂ ಮುಂತಾದ ಲೆಜೆಂಡರಿಗಳಿಗೆ ಬರೀ 3. ಈ ಸಂಖ್ಯೆಯನ್ನು ಬಾಲ್‌ನ ಗುಣಕದಿಂದಲೂ ನಿದ್ರೆ ಅಥವಾ ಪ್ಯಾರಲಿಸಿಸ್‌ನಂಥ ಸ್ಥಿತಿಯ ಗುಣಕದಿಂದಲೂ ಗುಣಿಸಿ, ಉಳಿದಿರುವ ಎಚ್‌ಪಿಗೆ, ಅಂದರೆ ಜೀವಬಲದ ಅಂಕಗಳಿಗೆ ತಕ್ಕಂತೆ ತಗ್ಗಿಸಿ, ಬಂದದ್ದನ್ನು 255ರಿಂದ ಭಾಗಿಸಿದರೆ ಒಂದು ಎಸೆತದಲ್ಲಿ ಹಿಡಿಯುವ ಸಾಧ್ಯತೆ ಹೆಚ್ಚುಕಡಿಮೆ ಸಿಗುತ್ತದೆ. ಎಚ್‌ಪಿ ಪೂರ್ತಿ ಇದ್ದಾಗ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಎಚ್‌ಪಿ 1ಕ್ಕೆ ಇಳಿದಾಗ ಸುಮಾರು ಪೂರ್ತಿ ಬರುತ್ತದೆ. ಆ ತಲೆಮಾರಿನ ಆಟಗಳಲ್ಲಿ ನಿದ್ರೆಯ ಗುಣಕ 2, ಪ್ಯಾರಲಿಸಿಸ್‌ನದು 1.5, ಅಲ್ಟ್ರಾ ಬಾಲ್‌ನದು 2. ಹೀಗಾಗಿ ಎಚ್‌ಪಿ ಪೂರ್ತಿ ಇರುವ ಲೂಗಿಯಾ ಮೇಲೆ ಅಲ್ಟ್ರಾ ಬಾಲ್ ಎಸೆದರೆ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ, ಅದನ್ನೇ 1 ಎಚ್‌ಪಿಗೆ ಇಳಿಸಿ, ಮಲಗಿಸಿ ಎಸೆದರೆ ಶೇ. 4.7.

ಬಾಲ್ ಮೂರು ಸಲ ಅಲುಗಾಡಿ ತೆರೆದುಕೊಂಡಾಗ ಹೊಟ್ಟೆ ಉರಿಯುವುದು ಸಹಜ. ಒಳಗೆ ನಡೆಯುವುದು ನಾಲ್ಕು ಪ್ರತ್ಯೇಕ ಪರೀಕ್ಷೆಗಳು, ನಾಲ್ಕರಲ್ಲೂ ಗೆದ್ದರೆ ಮಾತ್ರ ಪೋಕೆಮಾನ್ ನಮ್ಮದು. ಮೇಲಿನ ಶೇ. 4.7ರ ಸಂದರ್ಭದಲ್ಲಿ ಒಂದೊಂದು ಪರೀಕ್ಷೆಯನ್ನು ದಾಟುವ ಸಾಧ್ಯತೆ ಸುಮಾರು ಶೇ. 47 ಇರುವುದರಿಂದ, ಮೂರನ್ನು ದಾಟಿ ನಾಲ್ಕನೆಯದರಲ್ಲಿ ಸೋಲುವುದು ಹಿಡಿತಕ್ಕೆ ಸಿಗುವುದಕ್ಕಿಂತ ತುಸು ಹೆಚ್ಚು ಬಾರಿ ನಡೆಯುತ್ತದೆ. ಬಾಲ್ ಅಲುಗಾಡುವಾಗ ಎ ಬಟನ್ ಒತ್ತಿ ಹಿಡಿದರೆ ಸಿಕ್ಕಿಬೀಳುತ್ತದೆ ಎಂಬ ನಂಬಿಕೆ ಆಡುವವರಲ್ಲಿ ತುಂಬ ಹಳೆಯದು, ಆದರೆ ಈ ಪರೀಕ್ಷೆಗಳ ಮೇಲೆ ಅದರ ಪ್ರಭಾವ ಏನೂ ಇಲ್ಲ. ಹಿಂದಿನ ಎಸೆತಗಳ ಸೋಲೂ ಮುಂದಿನ ಎಸೆತಕ್ಕೆ ಯಾವ ನೆರವನ್ನೂ ಕೊಡುವುದಿಲ್ಲ. ಆದ್ದರಿಂದ ಎಸೆತಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಒಂದೊಂದು ಎಸೆತದ ಬೆಲೆಯನ್ನು ಹೆಚ್ಚಿಸುವ ದಾರಿಯನ್ನು ಹುಡುಕಿದೆ.

ಲೂಗಿಯಾ ವಿಷಯದಲ್ಲಿ ಆ ದಾರಿ ಹೆವಿ ಬಾಲ್. ಅಜೇಲಿಯಾ ಪಟ್ಟಣದಲ್ಲಿ ಬಾಲ್ ತಯಾರಿಸುವ ಕರ್ಟ್‌ಗೆ ಕಪ್ಪು ಏಪ್ರಿಕಾರ್ನ್ ಎಂಬ ಕಾಯಿ ಕೊಟ್ಟರೆ ಮರುದಿನ ಈ ಬಾಲ್ ಸಿದ್ಧವಾಗಿರುತ್ತದೆ. ಬೇರೆ ಬಾಲ್‌ಗಳಂತೆ ಇದು ಕ್ಯಾಚ್ ರೇಟನ್ನು ಗುಣಿಸುವುದಿಲ್ಲ. ಎದುರಿರುವ ಜೀವಿಯ ತೂಕ ನೋಡಿ ಅದಕ್ಕೆ ಕೂಡಿಸುತ್ತದೆ ಅಥವಾ ಅದರಿಂದ ಕಳೆಯುತ್ತದೆ. ಈ ಆಟದಲ್ಲಿ 204.8 ಕಿಲೋ ದಾಟಿದರೆ 20 ಕೂಡುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ 20 ಕಳೆಯುತ್ತದೆ. ಲೂಗಿಯಾದ ತೂಕ 216 ಕಿಲೋ. ಅಂದರೆ ಅದರ ಕ್ಯಾಚ್ ರೇಟ್ 3ರಿಂದ 23ಕ್ಕೆ ಏರುತ್ತದೆ, ಅಲ್ಟ್ರಾ ಬಾಲ್ ಅದನ್ನು 6ಕ್ಕೆ ಮಾತ್ರ ಏರಿಸಬಲ್ಲದು. ಇದನ್ನು ಮೊದಲ ಬಾರಿ ಲೆಕ್ಕ ಹಾಕಿ ನೋಡಿದಾಗ ನನಗಾದ ಸಂತೋಷ ಲೂಗಿಯಾ ಸಿಕ್ಕಾಗಿನ ಸಂತೋಷಕ್ಕಿಂತ ಕಡಿಮೆಯದಲ್ಲ. ಅದೇ ಬಾಲನ್ನು ಹೋ-ಓ ಮೇಲೆ ಎಸೆಯುವುದು ವ್ಯರ್ಥ. ಅದರ ತೂಕ 199 ಕಿಲೋ, ಕೆಲವೇ ಕಿಲೋಗಳ ಅಂತರದಲ್ಲಿ ಲಾಭವೆಲ್ಲ ನಷ್ಟವಾಗುತ್ತದೆ. ಮರವೊಂದು ದಿನಕ್ಕೆ ಒಂದೇ ಕಾಯಿ ಕೊಡುವುದರಿಂದ ಲೂಗಿಯಾ ಇರುವ ವರ್ಲ್ ದ್ವೀಪಗಳಿಗೆ ಹೋಗುವ ಎಷ್ಟೋ ಮುಂಚೆಯೇ ಕಪ್ಪು ಏಪ್ರಿಕಾರ್ನ್‌ಗಳನ್ನು ಕೂಡಿಡಲು ಶುರು ಮಾಡಿದೆ.

ತಂಡದ ಆಯ್ಕೆಯೂ ಅಷ್ಟೇ ಮುಖ್ಯ. ಲೆಜೆಂಡರಿ ಹಿಡಿಯಲು ಬ್ರೆಲೂಮ್ ಒಳ್ಳೆಯದು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಏಕೆಂದರೆ ಗುರಿ ತಪ್ಪದೆ ಮಲಗಿಸುವ ಸ್ಪೋರ್ ಮತ್ತು ಎದುರಾಳಿಗೆ 1 ಎಚ್‌ಪಿ ಉಳಿಸುವ ಫಾಲ್ಸ್ ಸ್ವೈಪ್ ಎರಡನ್ನೂ ಅದು ಕಲಿಯಬಲ್ಲದು. ಲೂಗಿಯಾ ಎದುರು ಮಾತ್ರ ಈ ಸಲಹೆ ನಡೆಯದು. ಬ್ರೆಲೂಮ್ ಗ್ರಾಸ್ ಮತ್ತು ಫೈಟಿಂಗ್ ಜಾತಿಯದು, ಲೂಗಿಯಾದ ಫ್ಲೈಯಿಂಗ್ ಜಾತಿಯ ಏಟಾದ ಏರೋಬ್ಲಾಸ್ಟ್ ಅದಕ್ಕೆ ನಾಲ್ಕು ಪಟ್ಟು ಏಟು ಕೊಡುತ್ತದೆ. ನಾನು ಮ್ಯಾಗ್ನೆಟಾನ್ ಮತ್ತು ಸೈಜರ್ ಒಯ್ದೆ. ಎಲೆಕ್ಟ್ರಿಕ್ ಮತ್ತು ಸ್ಟೀಲ್ ಜಾತಿಯ ಮ್ಯಾಗ್ನೆಟಾನ್‌ಗೆ ಏರೋಬ್ಲಾಸ್ಟ್‌ನ ಏಟು ಕಾಲು ಭಾಗಕ್ಕೆ ಇಳಿಯುತ್ತದೆ. ಅದರ ಥಂಡರ್ ವೇವ್‌ನಿಂದ ಬರುವ ಪ್ಯಾರಲಿಸಿಸ್‌ನ ಗುಣಕ ನಿದ್ರೆಗಿಂತ ಕಡಿಮೆಯಾದರೂ ತಾನಾಗಿ ಹೋಗುವುದಿಲ್ಲ. ನಿದ್ರೆಯಾದರೆ ಎಚ್ಚರವಾದಾಗಲೆಲ್ಲ ಮತ್ತೆ ಮಲಗಿಸಬೇಕು, ಹಾಗೆ ಮಲಗಿಸಿದ ಸರದಿಯಲ್ಲಿ ಬಾಲ್ ಎಸೆಯಲಾಗದು. ಉದ್ದದ ಕಾಳಗದಲ್ಲಿ ಪ್ಯಾರಲಿಸಿಸ್ಸೇ ನನಗೆ ಹೆಚ್ಚು ಒಗ್ಗಿತು.

ಕ್ರಮ ಹೀಗಿತ್ತು. ಲೂಗಿಯಾ ಮುಂದೆ ನಿಂತು ಸೇವ್ ಮಾಡಿದ ಮೇಲೆಯೇ ಮಾತನಾಡಿಸಬೇಕು, ಇದನ್ನು ಎಂದೂ ಬಿಡಬಾರದು. ಮೊದಲು ಥಂಡರ್ ವೇವ್, ಆಮೇಲೆ ಮ್ಯಾಗ್ನೆಟಾನ್‌ನ ಎಲೆಕ್ಟ್ರಿಕ್ ಏಟುಗಳಿಂದ ಎಚ್‌ಪಿಯನ್ನು ಅರ್ಧದವರೆಗೆ ಇಳಿಸುವುದು. ಅರ್ಧದ ನಂತರ ಆ ಏಟನ್ನು ಮುಂದುವರಿಸಲಿಲ್ಲ, ಏಕೆಂದರೆ ಈ ತಲೆಮಾರಿನಲ್ಲಿ ಕ್ರಿಟಿಕಲ್ ಹಿಟ್ ಬಿದ್ದರೆ ಏಟು ಇಮ್ಮಡಿಯಾಗಿ ಲೂಗಿಯಾ ಮೂರ್ಛೆ ಹೋಗಬಹುದು. ಅಲ್ಲಿಂದ ಮುಂದೆ ಸೈಜರ್‌ನ ಫಾಲ್ಸ್ ಸ್ವೈಪ್. ಲೂಗಿಯಾದ ಡಿಫೆನ್ಸ್ ತುಂಬ ಗಟ್ಟಿಯಾದ್ದರಿಂದ ಇದು ನಿಧಾನದ ಕೆಲಸ. ಅದರ ಪ್ರೆಶರ್ ಎಂಬ ಗುಣದಿಂದ ನಮ್ಮ ಪ್ರತಿ ಏಟಿಗೂ ಪಿಪಿ, ಅಂದರೆ ಅದನ್ನು ಎಷ್ಟು ಸಲ ಬಳಸಬಹುದೆಂಬ ಎಣಿಕೆ, ಒಂದರ ಬದಲು ಎರಡು ಖರ್ಚಾಗುವುದರಿಂದ 40 ಪಿಪಿ ಇರುವ ಫಾಲ್ಸ್ ಸ್ವೈಪ್ ಇಪ್ಪತ್ತು ಸಲ ಮಾತ್ರ ಸಿಗುತ್ತದೆ. ಇನ್ನೊಂದು ಕಡೆ ಲೂಗಿಯಾದ ಪಿಪಿಯೂ ಕರಗುತ್ತಿರುತ್ತದೆ. 45ನೇ ಲೆವೆಲ್‌ನಲ್ಲಿ ಅದರ ಬಳಿ ಇರುವ ಏರೋಬ್ಲಾಸ್ಟ್, ಹೈಡ್ರೋ ಪಂಪ್ ಮತ್ತು ರೇನ್ ಡಾನ್ಸ್‌ಗೆ ತಲಾ 5, ಎಕ್ಸ್‌ಟ್ರಾಸೆನ್ಸರಿಗೆ 30, ಒಟ್ಟು 45. ಇವೆಲ್ಲ ಮುಗಿದರೆ ಅದು ಸ್ಟ್ರಗಲ್ ಬಳಸುತ್ತದೆ. ಸ್ಟ್ರಗಲ್ ಬಳಸಿದವರ ಒಟ್ಟು ಎಚ್‌ಪಿಯ ನಾಲ್ಕನೇ ಒಂದು ಭಾಗ ಹೋಗುವುದರಿಂದ, 1 ಎಚ್‌ಪಿಯಲ್ಲಿರುವ ಲೂಗಿಯಾ ತನ್ನ ಏಟಿಗೆ ತಾನೇ ಬೀಳುತ್ತದೆ. ಕಾಳಗಕ್ಕೆ ಗಡುವು ಇದೆ ಎಂಬುದನ್ನು ಮರೆತು ಸರದಿಗಳನ್ನು ಔಷಧಿ ಕೊಡುವುದರಲ್ಲೇ ಕಳೆಯಬಾರದು.

ಪ್ಯಾರಲಿಸಿಸ್ ತಗುಲಿ 1 ಎಚ್‌ಪಿಗೆ ಇಳಿದ ಈ ಸ್ಥಿತಿಯಲ್ಲಿ ಹೆವಿ ಬಾಲ್‌ನ ಒಂದು ಎಸೆತಕ್ಕೆ ಶೇ. 13.5ರಷ್ಟು ಸಾಧ್ಯತೆ ಇರುತ್ತದೆ. ಹತ್ತು ಬಾಲ್ ಇದ್ದರೆ ಅವುಗಳಲ್ಲಿ ಒಂದಾದರೂ ಹಿಡಿಯುವ ಸಾಧ್ಯತೆ ಸುಮಾರು ಶೇ. 76, ಹತ್ತು ಅಲ್ಟ್ರಾ ಬಾಲ್‌ಗಳಿಗಾದರೆ ಶೇ. 30. ಹೆವಿ ಬಾಲ್ ಮುಗಿದರೆ ಇರಲಿ ಎಂದು ಡಸ್ಕ್ ಬಾಲ್‌ಗಳನ್ನೂ ಇಟ್ಟುಕೊಂಡಿದ್ದೆ. ಲೂಗಿಯಾ ಇರುವಂಥ ಗುಹೆಯೊಳಗೆ ಅವುಗಳ ಗುಣಕ 3.5.

ಸ್ವಭಾವ, ಅಂದರೆ ನೇಚರ್ ಬಗ್ಗೆ ಕಾಳಜಿ ಇರುವವರು ಇನ್ನೊಂದು ಸಿದ್ಧತೆ ಮಾಡಿಕೊಳ್ಳಬೇಕು. ನೇಚರ್‌ಗಳು ಒಟ್ಟು 25. ಬೇಕಾದದ್ದು ತಾನಾಗಿ ಬರುವ ಸಾಧ್ಯತೆ ಶೇ. 4, ಅದೇನೆಂದು ತಿಳಿಯುವುದು ಹಿಡಿದ ಮೇಲೆಯೇ. ಸಿಂಕ್ರೊನೈಸ್ ಗುಣವಿರುವ, ನಮಗೆ ಬೇಕಾದ ನೇಚರ್‌ನ ಅಬ್ರಾ ತಂಡದ ಮೊದಲ ಸ್ಥಾನದಲ್ಲಿದ್ದರೆ ಅದು ಶೇ. 52ಕ್ಕೆ ಏರುತ್ತದೆ. ಅಬ್ರಾ ಮೂರ್ಛೆ ಹೋಗಿದ್ದರೂ ಈ ಗುಣ ಕೆಲಸ ಮಾಡುತ್ತದೆ, ಕಾಳಗಕ್ಕೆ ಎರಡನೆಯ ಸ್ಥಾನದ ಮ್ಯಾಗ್ನೆಟಾನ್ ನೇರವಾಗಿ ಇಳಿಯುತ್ತದೆ. ನನಗೆ ಬೋಲ್ಡ್ ಲೂಗಿಯಾ ಬೇಕಿತ್ತು, ಹೀಗೆಯೇ ಪಡೆದೆ. 2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಲ್ಲಿ ಬಂದ, ನೇಚರ್‌ನ ಪರಿಣಾಮವನ್ನು ಬದಲಿಸುವ ಮಿಂಟ್‌ಗಳಿಂದಾಗಿ ಹೊಸ ಆಟಗಳಲ್ಲಿ ಈ ಶ್ರಮ ಅಷ್ಟಾಗಿ ಬೇಕಿಲ್ಲ.

ರೈಕೂ ಮತ್ತು ಎಂಟೇ ಬೇರೆಯದೇ ಬಗೆಯ ಸವಾಲು. ಎಕ್ರೂಟೀಕ್ ನಗರದ ಸುಟ್ಟ ಗೋಪುರದಿಂದ ಓಡಿಹೋದ ಮೇಲೆ ಅವು ಜೋಟೋ ಪ್ರಾಂತ್ಯದ ತುಂಬ ಅಲೆಯುತ್ತವೆ, ಎದುರಾದರೂ ತಮ್ಮ ಮೊದಲ ಸರದಿಯಲ್ಲೇ ಪರಾರಿಯಾಗುತ್ತವೆ. ನಾವು ಪೋಕೆಮಾನ್ ಏರಿ ಹಾರಿ ಹೋದರೆ ಅವೂ ಎಲ್ಲೋ ಹೋಗಿಬಿಡುತ್ತವೆ. ಹಾಗಾಗಿ 29 ಮತ್ತು 46ನೇ ರೂಟ್‌ಗಳ ನಡುವಿನ ಬಾಗಿಲಲ್ಲಿ ಆಚೀಚೆ ನಡೆಯುತ್ತ ನಕ್ಷೆಯಲ್ಲಿ ಅವು ಹತ್ತಿರ ಬರುವವರೆಗೆ ಕಾಯುತ್ತಿದ್ದೆ. ಅಲ್ಲಿನ ಸಾಮಾನ್ಯ ಪೋಕೆಮಾನ್‌ಗಳ ಲೆವೆಲ್ ತೀರ ಕಡಿಮೆ. ಅಲೆಯುವ ಎರಡರದ್ದೂ 40. ತಂಡದ ಮುಂದಿನದು 40ನ್ನು ಮೀರದಂತೆ ನೋಡಿಕೊಂಡು, ಅದಕ್ಕಿಂತ ಕಡಿಮೆ ಲೆವೆಲ್‌ನವನ್ನು ದೂರವಿಡುವ ರಿಪೆಲ್ ಹಾಕಿದರೆ ಹುಲ್ಲಿನಲ್ಲಿ ಎದುರಾಗುವುದು ಇವು ಮಾತ್ರ.

ಮೀನ್ ಲುಕ್‌ನಿಂದ ಕಟ್ಟಿಹಾಕುವ ಉಪಾಯ ಜನಪ್ರಿಯವಾದರೂ ನಾನು ಅದನ್ನು ಆರಿಸಲಿಲ್ಲ, ಏಕೆಂದರೆ ಇವು ರೋರ್ ಬಳಸಿ ಕಾಳಗವನ್ನೇ ಮುಗಿಸಿಬಿಡಬಲ್ಲವು. ಅವು ಓಡಿಹೋದರೂ ಅವುಗಳ ಎಚ್‌ಪಿ ಮತ್ತು ಸ್ಥಿತಿ ಹಾಗೆಯೇ ಉಳಿಯುತ್ತದೆ ಎಂಬ ನಿಯಮವನ್ನೇ ನೆಚ್ಚಿಕೊಂಡೆ. ಮೊದಲ ಭೇಟಿಯಲ್ಲಿ, ರೈಕೂಗಿಂತ ವೇಗದ ಎಲೆಕ್ಟ್ರೋಡ್‌ನಿಂದ ಥಂಡರ್ ವೇವ್ ಮಾತ್ರ. ಪ್ಯಾರಲಿಸಿಸ್ ತಗುಲಿದ ಮೇಲೆ ರೈಕೂನ ವೇಗ ಕಾಲು ಭಾಗಕ್ಕೆ ಕುಸಿಯುವುದರಿಂದ ಮುಂದಿನ ಭೇಟಿಗಳಲ್ಲಿ ಯಾರು ಬೇಕಾದರೂ ಅದಕ್ಕಿಂತ ಮೊದಲು ಏಟು ಕೊಡಬಹುದು. ಭೇಟಿಗೊಂದರಂತೆ ಫಾಲ್ಸ್ ಸ್ವೈಪ್ ಕೊಟ್ಟು 1 ಎಚ್‌ಪಿಗೆ ಇಳಿಸಿದೆ. ಆಮೇಲೆ ಪ್ರತಿ ಭೇಟಿಯಲ್ಲೂ ಒಂದೇ ಕೆಲಸ, ಮೊದಲ ಸರದಿಯಲ್ಲಿ ಕ್ವಿಕ್ ಬಾಲ್. ಆ ಬಾಲ್‌ನ ಗುಣಕ 4 ಆಗುವುದು ಮೊದಲ ಸರದಿಯಲ್ಲಿ ಮಾತ್ರ, ಓಡಿಹೋಗುವ ಪೋಕೆಮಾನ್ ನಮಗೆ ಕೊಡುವುದೂ ಮೊದಲ ಸರದಿಯನ್ನು ಮಾತ್ರ. ಭೇಟಿಗೆ ಶೇ. 7ರ ಸಾಧ್ಯತೆ ಎಂದರೆ ಚಿಕ್ಕದಾಗಿ ಕಾಣಬಹುದು, ಆದರೆ ಆ ಹೊತ್ತಿಗೆ ರೈಕೂವನ್ನು ಹುಡುಕಿ ಎದುರಾಗುವುದು ಎಷ್ಟು ಸಲೀಸಾಗಿತ್ತೆಂದರೆ ಅದು ಸಿಗುವವರೆಗೂ ಬೇಸರವೆನಿಸಲಿಲ್ಲ. ಎಂಟೇಗೂ ಇದೇ ದಾರಿ ಸಾಕಾಗುತ್ತದೆ. ಕಾಯುವ ಮನಸ್ಸಿಲ್ಲದವರು ತಮ್ಮ ಮಾಸ್ಟರ್ ಬಾಲನ್ನು ಖರ್ಚು ಮಾಡಬೇಕಾದದ್ದು ಲೂಗಿಯಾದಂತೆ ಒಂದೇ ಕಡೆ ನಿಂತಿರುವವುಗಳ ಮೇಲೆ ಅಲ್ಲ, ಹೀಗೆ ಅಲೆಯುವವುಗಳ ಮೇಲೆ.