ಏಳು ವರ್ಷ ಮುಖ ತೋರಿಸಲಿಲ್ಲ

ಟೈಟಲ್ ಕಾರ್ಡಿನಲ್ಲಿ ಹೆಸರಿನ ಮುಂದೆ 'ಮಾಸ್ಟರ್', 'ಬೇಬಿ' ಅಂತ ಹಾಕಿಸಿಕೊಂಡ ಬಾಲನಟರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲುಹಲ್ಲು ಬೀಳುವಾಗ ಕೆಲಸವೋ ಕೆಲಸ. ಮೀಸೆ ಚಿಗುರಿದ ಮೇಲೆ ಫೋನೇ ಇಲ್ಲ. ನಾನು ಶುರು ಮಾಡಿದ್ದು 1983ರಲ್ಲಿ, ಐದು ವರ್ಷದವನಿದ್ದಾಗ. ಈಗಲೂ ತಿಂಗಳಿಗೆ ಹದಿನೈದು ಹದಿನಾರು ದಿನ ಕೆಲಸ ಇದೆ. ಹೀರೋ ಆಗಿ ಉಳಿಯಲಿಲ್ಲ, ಬೇರೆ ಉದ್ಯೋಗಕ್ಕೂ ಹೋಗಲಿಲ್ಲ. ನಾನು ಹಿಡಿದ ದಾರಿ ನೋಡಿ ನಕ್ಕವರಲ್ಲಿ ಇಬ್ಬರು ಕಳೆದ ವರ್ಷ ಫೋನ್ ಮಾಡಿ, "ಅದು ಹೇಗೆ ಮಾಡಿದೆ ಹೇಳು ಮಾರಾಯ" ಅಂದರು. ಅದಕ್ಕೇ ಬರೀತಿದ್ದೀನಿ.

ಹುಡುಗನಾಗಿದ್ದಾಗ ನನಗೆ ಬೇಡಿಕೆ ಇದ್ದದ್ದು ಅಭಿನಯಕ್ಕಲ್ಲ, ಫಿಲಂ ಉಳಿಸುತ್ತೇನೆ ಅಂತ. ಆಗಿನ 400 ಅಡಿ ರೋಲು ನಾಲ್ಕೂವರೆ ನಿಮಿಷಕ್ಕೆ ಖಾಲಿ. ಪಕ್ಕದಿಂದ ಅಸಿಸ್ಟೆಂಟ್ ಡೈರೆಕ್ಟರ್ ಮಾತು ಪ್ರಾಂಪ್ಟ್ ಮಾಡುತ್ತಿದ್ದರೂ ಕಣ್ಣು ಆ ಕಡೆ ಹೊರಳಿಸದೆ ಎರಡನೇ ಟೇಕಿಗೆ ಓಕೆ ಮಾಡಿಸುತ್ತಿದ್ದೆ. ಇಪ್ಪತ್ತೆರಡೋ ಇಪ್ಪತ್ಮೂರೋ ಸಿನಿಮಾ ಆಗಿರಬೇಕು. ಒಂದೊಂದಕ್ಕೆ ಸಾವಿರದೈನೂರರಿಂದ ಐದು ಸಾವಿರ. ಒಟ್ಟು ಅರವತ್ತು ಸಾವಿರ ದಾಟಿರಲಿಕ್ಕಿಲ್ಲ. ಅದರಲ್ಲಿ ಮನೆಗೆ ತಾರಸಿ ಬಂತು, ಅಕ್ಕನ ಮದುವೆಗೆ ಒಂದಿಷ್ಟು ಹೋಯಿತು. ಈಗ 2017ರ ನಿಯಮ ಇದೆ. ಮಗುವಿನ ಸಂಪಾದನೆಯಲ್ಲಿ ಶೇಕಡ 20 ಅದರ ಹೆಸರಿಗೇ ಠೇವಣಿ ಇಡಬೇಕು, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, ಎಡೆಬಿಡದೆ ಮೂರು ಗಂಟೆ ದಾಟುವಂತಿಲ್ಲ. ನಮ್ಮ ಕಾಲದಲ್ಲಿ ನೈಟ್ ಎಫೆಕ್ಟ್ ಸೀನ್ ಅಂದರೆ ಅಮ್ಮ ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂರುತ್ತಿದ್ದಳು. ಶಾಟ್ ರೆಡಿ ಆದಾಗ ಮುಖಕ್ಕೆ ತಣ್ಣೀರು ಚಿಮುಕಿಸಿ ಎಬ್ಬಿಸುತ್ತಿದ್ದಳು.

ಕೆಲಸ ಹೋದ ದಿನ ಚೆನ್ನಾಗಿ ನೆನಪಿದೆ. 1991. ಶೂಟಿಂಗ್ ಮುಗಿದು ಐದಾರು ತಿಂಗಳಾದ ಮೇಲೆ ಡಬ್ಬಿಂಗ್‌ಗೆ ಕರೆದರು. ಮೈಕ್ ಮುಂದೆ ನನಗಾಗಿ ಯಾವಾಗಲೂ ಒಂದು ಮರದ ಪೆಟ್ಟಿಗೆ ಇಡುತ್ತಿದ್ದರು. ಆವತ್ತು ಪೆಟ್ಟಿಗೆ ಬೇಕಾಗಲಿಲ್ಲ. ಲೂಪ್ ಸುತ್ತುತ್ತಾ ಇದೆ, ಅದೇ ತುಣುಕು ಮತ್ತೆ ಮತ್ತೆ, ಪರದೆ ಮೇಲೆ ನಾನು "ಅಮ್ಮಾ" ಅಂತ ಓಡಿ ಬರುತ್ತಿದ್ದೇನೆ. ಬಾಯಿ ತೆಗೆದೆ, ಒಡೆದ ಮಡಕೆ ಸದ್ದು ಬಂತು. ಹನ್ನೆರಡು ಸಲ ಸುತ್ತಿಸಿದರು. ಸೌಂಡ್ ಇಂಜಿನಿಯರ್ ಏನೂ ಅನ್ನಲಿಲ್ಲ, ಹೆಡ್‌ಫೋನ್ ತೆಗೆದಿಟ್ಟು ಕಾಫಿಗೆ ಹೇಳಿದರು. ಮಧ್ಯಾಹ್ನ ಒಬ್ಬರು ಅಕ್ಕ ಬಂದರು. ಮೂವತ್ತೈದರ ಹೆಂಗಸು, ಮಗಳನ್ನು ಸ್ಕೂಲಿಗೆ ಬಿಟ್ಟು ಬಂದಿದ್ದರು. ನನ್ನ ಮಾತನ್ನೆಲ್ಲ ಎರಡೂವರೆ ಗಂಟೆಯಲ್ಲಿ ಮುಗಿಸಿದರು. ನಾನು ಮೂಲೆಯಲ್ಲಿ ಕೂತು ಅಳುತ್ತಾ ನೋಡಿದೆ. ಹೋಗುವಾಗ ಅವರು ಹೇಳಿದ ಮಾತಿನಿಂದ ಇವತ್ತಿಗೂ ಊಟ ಮಾಡುತ್ತಿದ್ದೇನೆ: "ತುಟಿ ನೋಡ್ಬೇಡ ಪುಟ್ಟಾ, ಗಂಟಲು ನೋಡು. ಉಸಿರು ಎಲ್ಲಿ ಎಳ್ಕೊಂಡ ಅಂತ ಗೊತ್ತಾದ್ರೆ ಮಾತು ತಾನಾಗಿ ಕೂರುತ್ತೆ."

ಪಿಯುಸಿ, ಬಿ.ಕಾಂ. ಎಲ್ಲ ಆಯಿತು. ಮಧ್ಯೆ ಹೀರೋನ ತಮ್ಮ, ಗೆಳೆಯ, ಕಾಲೇಜ್ ಕ್ಯಾಂಪಸ್ಸಿನ ಗುಂಪಿನಲ್ಲಿ ಐದನೆಯವನು. ಎಲ್ಲಿ ಹೋದರೂ ಒಂದೇ ಮಾತು, "ಅಯ್ಯೋ, ಆ ಪುಟಾಣಿ ನೀನೇನಾ? ಎಷ್ಟು ಉದ್ದ ಬೆಳೆದುಬಿಟ್ಟೆಯಪ್ಪಾ!" ಕೆನ್ನೆ ಹಿಂಡುತ್ತಿದ್ದರು, ಕೆಲಸ ಕೊಡುತ್ತಿರಲಿಲ್ಲ.

ಆಮೇಲೆ 2002 ಬಂತು. 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್, 'ಕೊಟ್ರೇಶಿ ಕನಸು' ಚಿತ್ರಕ್ಕೆ ಪಡೆದ ವಿಜಯ್ ರಾಘವೇಂದ್ರ, ಇಬ್ಬರೂ ಅದೇ ವರ್ಷ ಹೀರೋ ಆಗಿ ಬಂದರು. ಇಬ್ಬರ ಸಿನಿಮಾನೂ ಓಡಿತು. ಅವರ ಪ್ರತಿಭೆ ಬೇರೆ, ಬೆನ್ನ ಹಿಂದಿದ್ದ ಬಲವೂ ಬೇರೆ. ಅದನ್ನು ಅಪ್ಪನಿಗೆ ಹೇಳುವವರು ಯಾರು? ನನ್ನನ್ನು ಹೀರೋ ಮಾಡಿ ಸಿನಿಮಾ ತೆಗೆಯೋಕೆ ಸೈಟ್ ಮಾರಿದರು. ಹತ್ತಿರ ಹತ್ತಿರ ಒಂಬತ್ತು ಲಕ್ಷ ನಮ್ಮದು, ಉಳಿದದ್ದು ಇನ್ನಿಬ್ಬರದು. ನಾಲ್ಕು ಫೈಟು, ಐದು ಹಾಡು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಹೆಸರಿಗೆ ಒಂದು ದೀರ್ಘ ಸೇರಿಸಿದ್ದೂ ಆಯಿತು. ಬೆಂಗಳೂರಿನ ಕೆ.ಜಿ. ರಸ್ತೆಯ ಥಿಯೇಟರಿನಲ್ಲಿ ಓಡಿದ್ದು ಆರು ದಿನ. ಏಳನೇ ದಿನ ಹೋದರೆ ನನ್ನ ಕಟೌಟಿನ ಮೊಣಕಾಲಿನಿಂದ ಮೇಲೆ ಬೇರೆ ಹೀರೋ ಇದ್ದ. ಇದು ಸುಳ್ಳಲ್ಲ. ಬಿಚ್ಚುವಷ್ಟು ಹೊತ್ತು ಅವರಿಗೂ ಇರಲಿಲ್ಲ.

ನನ್ನ ಯೋಚನೆ ಶುರುವಾದದ್ದು ಆ ಮೊಣಕಾಲು ನೋಡಿದ ಮೇಲೆ. ನಮ್ಮಂಥವರಿಗೆ ಮುಂದೆ ಏನು ಅಂತ ಲೆಕ್ಕ ಹಾಕಿದೆ. ಒಂದು, ಹೀರೋ ಆಗೋದು. ಅದು ಮುಗಿದಿತ್ತು. ಎರಡು, 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಪಾತ್ರ ಮಾಡಿದ್ದ ಮಾಸ್ಟರ್ ಮಂಜುನಾಥ್ ಥರ ನಟನೆ ಬಿಟ್ಟು ಬೇರೆ ಕಡೆ ಚೆನ್ನಾಗಿ ಬದುಕೋದು. ಮೂರು, ಮಾಸ್ಟರ್ ಆನಂದ್ ಥರ ಆ 'ಮಾಸ್ಟರ್' ಅನ್ನೋದನ್ನೇ ಬಾವುಟ ಮಾಡಿಕೊಂಡು ನಿರೂಪಣೆ, ಹಾಸ್ಯ ಅಂತ ಗೆಲ್ಲೋದು. ಅದಕ್ಕೆ ಬೇಕಾದ ಬಾಯಿ ನನಗಿಲ್ಲ. ನನ್ನ ತೊಂದರೆ ಏನೆಂದರೆ ನನ್ನ ಮುಖ. ಅದರಲ್ಲಿ ಜನಕ್ಕೆ ಇನ್ನೂ ಆ ಹುಡುಗನೇ ಕಾಣುತ್ತಿದ್ದ. ಹಾಗಾದರೆ ಆ ಮುಖವನ್ನು ಜನ ಮರೆಯಲಿ ಅಂದುಕೊಂಡೆ. ಎಷ್ಟು ದಿನ ಬೇಕಾಗುತ್ತೋ ಅಷ್ಟು ದಿನ. ಅಲ್ಲಿವರೆಗೆ ದನಿ ದುಡಿಯಲಿ.

ಎಲ್ಲರೂ ಬೈದರು. "ಇಲ್ಲಿ ಒಂದು ವಾರ ಕಾಣದಿದ್ದರೆ ಸತ್ತ ಅಂತಾರೆ" ಅಂದರು ಒಬ್ಬ ಹಿರಿಯ ಮ್ಯಾನೇಜರ್. ಸಾಯಲಿ ಅಂತಲೇ ಅಲ್ವಾ ನಾನು ಮಾಡಿದ್ದು!

2004ರಿಂದ ಏಳು ವರ್ಷ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಮುಹೂರ್ತಕ್ಕೆ ಹೋಗಲಿಲ್ಲ. 'ಆ ಬಾಲನಟ ಈಗೇನು ಮಾಡುತ್ತಿದ್ದಾರೆ' ಅಂತ ಪತ್ರಿಕೆಯವರು ಮೂರು ಸಲ ಕೇಳಿದರು, ಸಂದರ್ಶನ ಕೊಡಲಿಲ್ಲ. ಮೀಸೆ ಬಿಟ್ಟೆ, ಹನ್ನೆರಡು ಕೆ.ಜಿ. ಏರಿಸಿದೆ. ಅದಕ್ಕೇನೂ ಕಷ್ಟಪಡಬೇಕಾಗಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಡಬ್ಬಿಂಗ್ ಸ್ಟುಡಿಯೋ. ಆಗ ಮುಂಬೈಯಿಂದ, ಹೈದರಾಬಾದಿನಿಂದ ವಿಲನ್‌ಗಳು ಬರುತ್ತಿದ್ದರು. ಅವರು ಸ್ಪಾಟಿನಲ್ಲಿ ಮಾತಿನ ಬದಲು ಒನ್ ಟೂ ತ್ರೀ ಅಂತ ಎಣಿಸಿ ಹೋಗಿಬಿಡುತ್ತಿದ್ದರು. ಆ ಎಣಿಕೆಗೆ ಕನ್ನಡ ಕೂರಿಸೋದು ನಮ್ಮ ಕೆಲಸ. 'ತ್ರೀ'ಗೆ ತುಟಿ ಮುಚ್ಚೋದೇ ಇಲ್ಲ. ಅಲ್ಲಿ 'ಪ', 'ಬ', 'ಮ' ಹಾಕಿದರೆ ಕೆಟ್ಟೆವು. ಎಷ್ಟೋ ಸಂಭಾಷಣೆ ಅಲ್ಲೇ ನಿಂತು ತಿದ್ದಿದ್ದೇನೆ, ಬರೆದವರಿಗೆ ಇವತ್ತಿಗೂ ಗೊತ್ತಿಲ್ಲ. ದಪ್ಪ ದನಿಗೆ ನಾನು ಬೆಳಗ್ಗೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಮಾತ್ರ ಹೇಳಲ್ಲ. ಸಿಗರೇಟು ಅಲ್ಲ ಅಂತಷ್ಟೇ ಹೇಳಬಲ್ಲೆ.

ದುಡ್ಡಿನ ವಿಷಯ. ಮೊದಮೊದಲು ಸಣ್ಣ ಪಾತ್ರಕ್ಕೆ ನಾಲ್ಕುನೂರು, ಐನೂರು. ಆಮೇಲೆ ವಿಲನ್‌ಗೆ ಆರು, ಏಳು ಸಾವಿರ. ಕೊಡುವಾಗ ಮಾತ್ರ ಎಲ್ಲರಿಗೂ ಮರೆವು. ನಾನು ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ಎಡಗಡೆ ತಾರೀಖು, ಬಲಗಡೆ 'ಬರಬೇಕಾದ್ದು', ಕೆಂಪು ಶಾಯಿಯಲ್ಲಿ. ಒಂದು ಕಂಪನಿ ಬಾಗಿಲು ಹಾಕಿದಾಗ ಒಂದು ಲಕ್ಷದ ನಲವತ್ತು ಸಾವಿರ ಕೆಂಪಾಗಿಯೇ ಉಳಿಯಿತು. ಆವತ್ತಿನಿಂದ ಕಲಿತದ್ದು: ಕೊನೆಯ ಎರಡು ಸೀನ್ ಬಾಕಿ ಇಟ್ಟು, "ಸಾರ್, ಗಂಟಲು ಕಟ್ಟಿದೆ, ನಾಳೆ ಬರ್ತೀನಿ" ಅನ್ನಬೇಕು. ಚೆಕ್ ಕೈಗೆ ಬಂದ ಅರ್ಧ ಗಂಟೆಗೆ ಗಂಟಲು ಬಿಡುತ್ತದೆ. ಇದು ನಾನೊಬ್ಬನೇ ಮಾಡಿದ್ದಲ್ಲ ಬಿಡಿ.

ಇಷ್ಟು ವರ್ಷಗಳಲ್ಲಿ ಏನೇನೋ ಪ್ರಯೋಗ. ನಲವತ್ತು ದಿನ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಕಂಟಿನ್ಯೂಟಿ, ಅಂದರೆ ಹಿಂದಿನ ಶಾಟಿನಲ್ಲಿ ಏನು ಎಲ್ಲಿತ್ತು ಅಂತ ಬರೆಯೋದರಲ್ಲಿ ಹೀರೋಯಿನ್ ಬಳೆ ಕೈ ಬದಲಾಗಿ ಅರ್ಧ ದಿನ ರೀಶೂಟ್ ಆಯಿತು, ಅಲ್ಲಿಗೆ ನಿಂತಿತು. ಒಂದು ಬೇಸಿಗೆ ಮಕ್ಕಳಿಗೆ ನಟನೆ ಕ್ಲಾಸ್ ಮಾಡಿದೆ, ಹದಿನೆಂಟು ಮಕ್ಕಳು. ಅಪ್ಪ ಅಮ್ಮಂದಿರೆಲ್ಲ ಕೇಳಿದ್ದು ಒಂದೇ, "ಯಾವ ಚಾನೆಲ್‌ಗೆ ಚಾನ್ಸ್ ಕೊಡಿಸ್ತೀರಾ?" ಮುಚ್ಚಿದೆ. ಯೂಟ್ಯೂಬ್ ಚಾನೆಲ್‌ಗೆ ಹದಿನಾಲ್ಕು ವಿಡಿಯೋ ಮಾಡಿ ಲೈಟು ಮಾರಿದೆ. ಆ ಲೈಟು ಕೊಂಡವನ ಚಾನೆಲ್ ಈಗ ಚೆನ್ನಾಗಿ ನಡೆಯುತ್ತಿದೆ, ಅದೊಂದು ಹೊಟ್ಟೆಯುರಿ.

2011ರಲ್ಲಿ ಒಂದು ಧಾರಾವಾಹಿಗೆ ಆಡಿಷನ್ ಇದೆ ಅಂತ ಗೊತ್ತಾಯಿತು. ಹೆಸರಿಗೆ ಸೇರಿಸಿದ್ದ ದೀರ್ಘ ತೆಗೆದು, ಇನಿಷಿಯಲ್ ಹಾಕಿ, 'ಹಿಂದಿನ ಅನುಭವ: ಡಬ್ಬಿಂಗ್' ಅಂತಷ್ಟೇ ಬರೆದೆ. ಅಲ್ಲಿದ್ದ ಹುಡುಗರು ನಾನು ಬಾಲನಟನಾಗಿದ್ದಾಗ ಹುಟ್ಟೇ ಇರಲಿಲ್ಲ. ಆರು ವರ್ಷದ ಹುಡುಗಿಯ ಅಪ್ಪನ ಪಾತ್ರ ಸಿಕ್ಕಿತು. ದಿನಕ್ಕೆ ಸಾವಿರದೆಂಟುನೂರು, ಟಿಡಿಎಸ್ ಕಳೆದು, ತೊಂಬತ್ತು ದಿನ ಆದ ಮೇಲೆ. ಮೂರು ದಿನ ಯಾರೂ ಗುರುತು ಹಿಡಿಯಲಿಲ್ಲ. ನಾಲ್ಕನೇ ದಿನ ಬೇರೆ ಮೇಕಪ್‌ಮ್ಯಾನ್ ಬಂದರು, ವಯಸ್ಸಾದವರು. ಪಫ್ ಮುಖದ ಹತ್ತಿರ ತಂದು ಹಾಗೇ ನಿಂತರು. "ಎಡಗಣ್ಣು ಒಂದೇ ಮುಚ್ಚಿಕೊಳ್ಳೋನು ಒಬ್ಬ ಹುಡುಗ ಇದ್ದ" ಅಂದರು. ನನಗೆ ಅದು ಅಭ್ಯಾಸ ಅಂತಲೇ ಗೊತ್ತಿರಲಿಲ್ಲ. ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದೆ. ನಕ್ಕು, ಪೌಡರ್ ಹಾಕಿ ಹೋದರು. ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಅಪ್ಪ, ಭಾವ, ಇನ್ಸ್‌ಪೆಕ್ಟರ್, ಕೆಟ್ಟ ಚಿಕ್ಕಪ್ಪ. ಸೆಟ್ಟಿನಲ್ಲಿ ಮಗು ಹಟ ಹಿಡಿದರೆ ನನ್ನನ್ನೇ ಕರೆಯುತ್ತಾರೆ. ಗ್ಲಿಸರಿನ್ ಇಲ್ಲದೆ, ಬೈಯದೆ, ಹೆದರಿಸದೆ ಮೂರು ನಿಮಿಷದಲ್ಲಿ ಕಣ್ಣೀರು ತರಿಸಬಲ್ಲೆ. ಹೇಗೆ ಅಂತ ಕೇಳಬೇಡಿ, ಅದಕ್ಕೆ ಬೇರೆ ಪೇಮೆಂಟ್ ತಗೊಳ್ತೀನಿ.

ದನಿಯ ಕೆಲಸವನ್ನು ಮಾತ್ರ ಬಿಡಲಿಲ್ಲ. 2015ರಲ್ಲಿ, ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡೋದನ್ನು ತಡೆಯುವಂತಿಲ್ಲ ಅಂತ ಸ್ಪರ್ಧಾ ಆಯೋಗದ ತೀರ್ಪು ಬಂದಾಗ, ಆ ಡಬ್ಬಿಂಗ್ ಬೇಕೋ ಬೇಡವೋ ಅಂತ ದೊಡ್ಡ ಜಗಳ. ನಟನಾಗಿ ನನಗೂ ಭಯವಿತ್ತು, ಕಂಠದಾನದವನಾಗಿ ಒಳಗೊಳಗೇ ಆಸೆಯೂ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ಎಲ್ಲ ನಿಂತು ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಬಂದವಲ್ಲ, ಆ ವರ್ಷ ನನ್ನ ಪುಸ್ತಕದಲ್ಲಿ ಬಲಗಡೆಗೆ ಜಾಗ ಸಾಲಲಿಲ್ಲ. ಬೀರುವಿನೊಳಗೆ ತಲೆ ಹಾಕಿ, ಮೇಲೆ ರಜಾಯಿ ಹೊದ್ದು, ಮನೆಯಲ್ಲೇ ಒಬ್ಬ ಮಹಾರಾಜನಿಗೆ ದನಿ ಕೊಟ್ಟಿದ್ದೇನೆ. ಬೆವರಿನಲ್ಲಿ ಸ್ಕ್ರಿಪ್ಟ್ ಒದ್ದೆ.

ಈಗ ದಿನಕ್ಕೆ ಆರೂವರೆ ಸಾವಿರದ ಹತ್ತಿರ. ಹೋದ ತಿಂಗಳು ನನ್ನ ಪಾತ್ರ ಸತ್ತಿತು, ಆಕ್ಸಿಡೆಂಟು. ಶೂಟಿಂಗ್ ಮನೆಯ ಹಾಲ್‌ನಲ್ಲಿ ನನ್ನ ಫೋಟೋಗೆ ಹಾರ ಹಾಕಿದ್ದಾರೆ. ಪ್ರತಿ ಎಪಿಸೋಡಿನಲ್ಲೂ ಅದರ ಮುಂದೆ ಯಾರಾದರೂ ಅಳುತ್ತಾರೆ. ಅದೇ ರಾತ್ರಿ ಇನ್ನೊಂದು ಧಾರಾವಾಹಿಯಲ್ಲಿ ನನ್ನ ದನಿ ಅಬ್ಬರಿಸುತ್ತಿರುತ್ತದೆ. "ಫೋಟೋಗೂ ಒಂದು ಪೇಮೆಂಟ್ ಕೊಡಿ" ಅಂತ ಮ್ಯಾನೇಜರ್‌ಗೆ ಸುಮ್ನೆ ತಮಾಷೆಗೆ ಅಂದೆ. "ಫೋಟೋಗೆ ದಿನದ ಬಾಟಾ ದುಡ್ಡೂ ಇಲ್ಲ ಸಾರ್. ಆದ್ರೆ ಫ್ಲ್ಯಾಶ್‌ಬ್ಯಾಕ್ ಬರೀತಿದ್ದಾರೆ, 18, 19 ಫ್ರೀ ಇಟ್ಕೊಳ್ಳಿ. ಮೀಸೆ ತೆಗೀಬೇಡಿ" ಅಂದ. ಎಡಗಡೆ ಬರೆದುಕೊಂಡೆ.