ಐಸಿಯು ಗೋಡೆ ಒಡೆದು ಕಿಟಕಿ ಇಟ್ಟೆವು

ಚಿಕ್ಕಮಗಳೂರಿನ ನಮ್ಮ ಆರು ಬೆಡ್‌ನ ಐಸಿಯುಗೆ ಕಿಟಕಿ ಬಂದು ಎರಡು ಮೂರು ಮಳೆಗಾಲ ಕಳೆಯಿತು. ಗೋಡೆ ಒಡೆಯುವಾಗ ಬೇಡವೇ ಬೇಡ ಅಂದವರೇ ಈಗ ಬಂದು ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ವೆಂಟಿಲೇಟರ್, ಸೆಡೇಶನ್ (ಔಷಧಿ ಕೊಟ್ಟು ಮಂಪರಿನಲ್ಲಿಡುವುದು) ಎಲ್ಲ ಐಸಿಯು ನಡೆಸುವವರಿಗೆ ಗೊತ್ತಿರುವುದೇ. ನಾನು ಹೇಳುವುದು ಕೋಣೆಯ ಬಗ್ಗೆ ಮಾತ್ರ.

ನಮ್ಮನ್ನು ಕಾಡಿದ್ದು ಡೆಲಿರಿಯಮ್, ಅಂದರೆ ಕಾಯಿಲೆಯ ನಡುವೆ ದಿಢೀರನೆ ಬರುವ ಬುದ್ಧಿಯ ಗೊಂದಲ. ಅರವತ್ತು ದಾಟಿದವರು ವೆಂಟಿಲೇಟರ್ ಮೇಲೆ ಎರಡು ರಾತ್ರಿ ಕಳೆದರೆ ಸಾಕು, ಹತ್ತರಲ್ಲಿ ನಾಲ್ಕೈದು ಜನರಿಗೆ ಹಗಲು ರಾತ್ರಿಯೇ ತಿಳಿಯುತ್ತಿರಲಿಲ್ಲ. ಟ್ಯೂಬ್ ಕೀಳುವುದು, ಮಂಚದಿಂದ ಇಳಿಯಲು ನೋಡುವುದು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ತರುತ್ತಿದ್ದರು. ನಾವು ರೋಗಿಯ ಕೈ ಕಟ್ಟಿ, ಮಂಪರು ತರಿಸುವ ಮಿಡಜೋಲಾಮ್ ಏರಿಸುತ್ತಿದ್ದೆವು. ಏರಿಸಿದಷ್ಟೂ ಗೊಂದಲ ಜಾಸ್ತಿ. ವಿಷ ಕುಡಿದು ಬಂದವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ವಿಷ ಇಳಿಸಲು ಕೊಡುವ ಅಟ್ರೋಪಿನ್‌ನಿಂದಲೇ ಅವರಿಗೆ ಹಾಗಾಗುತ್ತದೆ.

ಮೊದಲು ಅಗ್ಗದ ದಾರಿ ಹಿಡಿದೆವು. ಕಿವಿಗೆ ಪ್ಲಗ್, ಕಣ್ಣಿಗೆ ಪಟ್ಟಿ ಹಾಕಿದರೆ ವಯಸ್ಸಾದವರು ಇನ್ನೂ ಹೆದರಿದರು. ಆಮೇಲೆ ಹೊತ್ತಿಗೆ ತಕ್ಕಂತೆ ಬೆಳಕು ಬದಲಾಗುವ ಎಲ್‌ಇಡಿ ಹಾಕಿಸಿದೆ. ಸುಮಾರು ಎಂಬತ್ತು ಸಾವಿರ ಹೋಯಿತು, ಫಲ ಕಾಣಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಇಂಥದ್ದೇ ಬೆಳಕನ್ನು ಏಳು ನೂರಕ್ಕೂ ಹೆಚ್ಚು ಐಸಿಯು ರೋಗಿಗಳಲ್ಲಿ ಪರೀಕ್ಷಿಸಿದ್ದರು. 2016ರಲ್ಲಿ ಬಂದ ಆ ವರದಿಯಲ್ಲೂ ಡೆಲಿರಿಯಮ್ ಇಳಿದಿರಲಿಲ್ಲ.

ಕಿಟಕಿಯ ಯೋಚನೆ ನನಗೆ ಹಳೆಯ ಅಧ್ಯಯನಗಳಿಂದ ಬಂತು. 1972ರಲ್ಲಿ ಅಮೆರಿಕದಲ್ಲಿ ಎರಡು ಐಸಿಯು ಹೋಲಿಸಿದ್ದರು. ಸರ್ಜರಿ ಆದವರಲ್ಲಿ ಕಿಟಕಿ ಇಲ್ಲದ ಕಡೆ ನೂರಕ್ಕೆ 40 ಜನರಿಗೆ ಡೆಲಿರಿಯಮ್, ಕಿಟಕಿ ಇದ್ದ ಕಡೆ 18. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪಿತ್ತಕೋಶದ ಸರ್ಜರಿ ಆದವರನ್ನು ನೋಡಿದರು. ಮರ ಕಾಣುವ ಕೋಣೆಯವರು ಇಟ್ಟಿಗೆ ಗೋಡೆ ಕಾಣುವವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು.

"ರೋಗಿಗೆ ಬೇಕಾಗಿರೋದು ಆಕ್ಸಿಜನ್ ಡಾಕ್ಟ್ರೇ, ಬೆಟ್ಟ ಅಲ್ಲ" ಅಂದರು ಆಸ್ಪತ್ರೆಯ ನಮ್ಮ ಪಾಲುದಾರರು. ಸೋಂಕು ಬರುತ್ತದೆ ಅಂತಲೂ ವಾದಿಸಿದರು. ತೆರೆಯಲು ಬಾರದ ಎರಡು ಪದರದ ಗಾಜು ಹಾಕಿದರೆ ಸೋಂಕು ಎಲ್ಲಿಂದ ಬರಬೇಕು?

ಅಸಲಿ ಕಷ್ಟ ಬೇರೆ ಇತ್ತು. ಕಿಟಕಿ ತಲೆಯ ಹಿಂದಿದ್ದರೆ ಡಾಕ್ಟರಿಗೆ ಕಾಣುತ್ತದೆ, ರೋಗಿಗೆ ಕಾಣಲ್ಲ. ಆಕ್ಸಿಜನ್ ಬರುವ ನಮ್ಮ ಗ್ಯಾಸ್ ಪ್ಯಾನೆಲ್ ದಕ್ಷಿಣದ ಗೋಡೆಯಲ್ಲಿದೆ, ರೋಗಿಯ ತಲೆ ಆ ಕಡೆಗೇ ಇರಬೇಕು. ಅದನ್ನು ಸರಿಸಲು ತಾಮ್ರದ ಪೈಪಿಗೇ ಲಕ್ಷಗಟ್ಟಲೆ ಬೇಕು. ಹಾಗಾಗಿ ಕಾಲಿನ ಕಡೆಯ ಉತ್ತರದ ಗೋಡೆ ಒಡೆದೆವು. ಗಿರಿಯ ಸಾಲು ನೇರ ಕಾಣುತ್ತದೆ, ಮಾನಿಟರ್ ಮೇಲೆ ಬಿಸಿಲೂ ಬೀಳಲ್ಲ. ಮೊದಲನೇ ಜುಲೈನಲ್ಲೇ ನೀರು ಸೋರಿ ಅಂಚಿಗೆ ಕಪ್ಪು ಬೂಸ್ಟು ಹಿಡಿಯಿತು. ಕಿತ್ತು ಮತ್ತೆ ಕೂರಿಸಿದೆವು. ಮೂರು ಲಕ್ಷದ ಕೆಲಸ ಆರರ ಹತ್ತಿರ ಹೋಯಿತು. ಎರಡನೇ ಸಲ ಮಲೆನಾಡಿನ ಓರೆಮಳೆಗೆ ಅಂಚು ಕಟ್ಟಿದ ಬಗೆ ನಮ್ಮ ಬಡಗಿಯ ಗುಟ್ಟು, ಅದನ್ನು ಇಲ್ಲಿ ಬರೆಯಲ್ಲ.

ಶಬ್ದದ ಕಡೆಗೂ ಕೈ ಹಾಕಿದೆ. ರಾತ್ರಿ ಆಸ್ಪತ್ರೆ ಕೋಣೆಯಲ್ಲಿ 30 ಡೆಸಿಬೆಲ್ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫೋನಿನಲ್ಲಿ ಅಳೆದರೆ ನಮ್ಮಲ್ಲಿ ಅರವತ್ತರ ಮೇಲೆ! ಕಸದ ಡಬ್ಬಿಯ ಮುಚ್ಚಳ, ಸ್ಟೀಲ್ ಟ್ರೇ, ಟ್ರಾಲಿ ಚಕ್ರ, ಅಲಾರಂ. ಚಕ್ರಕ್ಕೆ ರಬ್ಬರ್ ಹಾಕಿಸಲು ಐದು ಸಾವಿರವೂ ಆಗಲಿಲ್ಲ. ಅಲಾರಂ ಲಿಮಿಟ್ ಹೊಂದಿಸಿದ ರೀತಿಯನ್ನು ಬಂದವರಿಗೆ ಎದುರಲ್ಲೇ ತೋರಿಸುತ್ತೇನೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಬೆಳಗಿನ ಜಾವ ನಾಲ್ಕಕ್ಕೆ ಮೈ ಒರೆಸುವ ಪದ್ಧತಿ ಬಿಡಿಸುವುದು. ನೈಟ್ ಡ್ಯೂಟಿ ಸಿಸ್ಟರ್‌ಗಳಿಗೆ ಅದು ಡ್ಯೂಟಿ ಒಪ್ಪಿಸುವ ಮುಂಚಿನ ಕೆಲಸ. ಆರರ ನಂತರ ಮಾಡಿ ಅಂದರೆ ಜಗಳವೇ ಆಯಿತು. ಬೆಳಿಗ್ಗೆಗೆ ಒಬ್ಬರನ್ನು ಹೆಚ್ಚಿಗೆ ಹಾಕಿದ ಮೇಲೆ ಸರಿಹೋಯಿತು.

ನಡುವೆ ಆಕಾಶವಾಣಿ ಹಾಸನ ಕೇಂದ್ರವನ್ನೂ ಹಾಕಿ ನೋಡಿದೆ. ಒಬ್ಬರಿಗೆ ಖುಷಿ, ಪಕ್ಕದವರಿಗೆ ಹಿಂಸೆ. ನಿಲ್ಲಿಸಿದೆವು. ಕಾಲಿನ ಕಡೆ ದೊಡ್ಡ ಗಡಿಯಾರ, ಕನ್ನಡ ಕ್ಯಾಲೆಂಡರ್ ಇಟ್ಟಿದ್ದು ಮಾತ್ರ ಉಳಿಯಿತು. ಕನ್ನಡಕವನ್ನೂ ಮನೆಯಿಂದ ತರಿಸಿ ಹಾಕುತ್ತೇವೆ. ಅದಿಲ್ಲದೆ ಬೆಟ್ಟ ಹೇಗೆ ಕಾಣಬೇಕು, ಅಲ್ವಾ?

ಈಗ ಅದೇ ವಯಸ್ಸಿನವರಲ್ಲಿ ಹತ್ತಕ್ಕೆ ಇಬ್ಬರಷ್ಟೇ ಗೊಂದಲಕ್ಕೆ ಬೀಳುತ್ತಾರೆ. ಸೆಡೇಶನ್ ಇಳಿಸಿದ್ದರಿಂದ ಹೀಗಾಯಿತು ಅನ್ನುವವರಿದ್ದಾರೆ. ಅದನ್ನು ಕಿಟಕಿಗೆ ಒಂದು ವರ್ಷ ಮೊದಲೇ ಇಳಿಸಿ ನೋಡಿದ್ದೆವು, ಇಷ್ಟು ಫಲ ಸಿಕ್ಕಿರಲಿಲ್ಲ.

ಅಳತೆ ಕೇಳಿದವರಿಗೆ: ಕಿಟಕಿಯ ಕೆಳ ಅಂಚು ನೆಲದಿಂದ ಎರಡೂಕಾಲು ಅಡಿ ಇರಲಿ. ತಲೆ ಕಡೆ 30 ಡಿಗ್ರಿ ಏರಿಸಿ ನೀವೇ ಬೆಡ್ ಮೇಲೆ ಮಲಗಿ ನೋಡಿ, ಆಮೇಲೆ ಗೋಡೆಗೆ ಗುರುತು ಹಾಕಿ.