ಲೈಸೆನ್ಸ್‌ಗೆ ಮೆಡಿಕಲ್ ಪರೀಕ್ಷೆ: ಕಡಿಮೆ ಖರ್ಚಿನಲ್ಲಿ, ಒಂದೇ ಸಲಕ್ಕೆ ಮುಗಿಸುವುದು ಹೇಗೆ?

ಲಾರಿ, ಬಸ್ಸು, ಟ್ಯಾಕ್ಸಿ ಓಡಿಸಿ ದುಡಿಯುವವರಿಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕೇ ಬೇಕು. ಹೊಸ ಲೈಸೆನ್ಸ್ ಮಾಡಿಸುವಾಗ ಬೇಕು, ಆಮೇಲೂ ಆಗಾಗ ಬೇಕಾಗುತ್ತದೆ. ಪರೀಕ್ಷೆಗೆ ಹಿಡಿಯುವುದು ಹೆಚ್ಚೆಂದರೆ ಒಂದು ಗಂಟೆ. ಆದರೂ ಇದಕ್ಕಾಗಿ ದುಡ್ಡು ಕಳೆದುಕೊಳ್ಳುವವರು ಬಹಳ ಜನ. ಒಬ್ಬರು ಕನ್ನಡಕ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಇನ್ನೊಬ್ಬರು ಹಳೆಯ ಫಾರಂ ತುಂಬಿಸಿಕೊಂಡು ಬರುತ್ತಾರೆ. ಮತ್ತೊಬ್ಬರ ಫಾರಂನಲ್ಲಿ ಒಂದು ಪುಟಕ್ಕೆ ಡಾಕ್ಟರ ಸಹಿಯೇ ಇರುವುದಿಲ್ಲ. ಮತ್ತೆ ಹೋಗಬೇಕು, ಮತ್ತೆ ಫೀಸು ಕೊಡಬೇಕು, ಇನ್ನೊಂದು ದಿನದ ದುಡಿಮೆಯನ್ನೂ ಬಿಡಬೇಕು. ಹಾಗಾಗಿ ಕಡಿಮೆ ಫೀಸಿನ ಕ್ಲಿನಿಕ್ ಹುಡುಕುವಷ್ಟೇ ಗಮನವನ್ನು ಎರಡನೇ ಸಲ ಹೋಗದಂತೆ ನೋಡಿಕೊಳ್ಳುವುದಕ್ಕೂ ಕೊಡಿ.

ಮೊದಲು ಫಾರಂ, ಆಮೇಲೆ ಡಾಕ್ಟರು

ನಿಮ್ಮ ಲೈಸೆನ್ಸ್‌ಗೆ ಯಾವ ಫಾರಂ ಬೇಕು, ಅದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆ? ಈ ಎರಡು ಗೊತ್ತಾಗದೆ ಕ್ಲಿನಿಕ್ ಮೆಟ್ಟಿಲು ಹತ್ತಬೇಡಿ. ದೇಶದಿಂದ ದೇಶಕ್ಕೆ ಇದು ಬೇರೆ ಬೇರೆ.

ಭಾರತದಲ್ಲಿ ಅದು ಫಾರಂ 1ಎ. ನೋಂದಾಯಿತ ವೈದ್ಯರು ಅದನ್ನು ತುಂಬಿ ಸಹಿ ಹಾಕಬೇಕು. ಫಾರಂ 1 ಎನ್ನುವುದು ನಾವೇ ಬರೆದುಕೊಡುವ ಘೋಷಣೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಒಂದರ ಬದಲು ಇನ್ನೊಂದನ್ನು ಒಯ್ಯುವುದು ಮಾಮೂಲು. ಬ್ರಿಟನ್‌ನಲ್ಲಿ ಲಾರಿ, ಬಸ್ ಚಾಲಕರಿಗೆ ಡಿ4 ಎಂಬ ಫಾರಂ ಇದೆ. ಅದರಲ್ಲಿ ಕಣ್ಣಿನ ಭಾಗವನ್ನು ಕನ್ನಡಕದ ಅಂಗಡಿಯ ಆಪ್ಟೀಷಿಯನ್ ತುಂಬಿದರೂ ನಡೆಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 2014ರಿಂದ ಒಂದು ರಾಷ್ಟ್ರೀಯ ಪಟ್ಟಿ ಇದೆ. ಅದರಲ್ಲಿ ಹೆಸರಿರುವ ಪರೀಕ್ಷಕರು ಕೊಟ್ಟ ಸರ್ಟಿಫಿಕೇಟ್ ಮಾತ್ರ ನಡೆಯುತ್ತದೆ. ವರ್ಷಗಟ್ಟಲೆ ನಿಮ್ಮನ್ನು ನೋಡಿದ ಮನೆಯ ಡಾಕ್ಟರೇ ಆಗಿರಲಿ, ಪಟ್ಟಿಯಲ್ಲಿ ಇಲ್ಲ ಎಂದರೆ ಅವರ ಸಹಿ ಪ್ರಯೋಜನಕ್ಕೆ ಬರುವುದಿಲ್ಲ.

ಫಾರಂ ಅನ್ನು ಸಾರಿಗೆ ಇಲಾಖೆಯ ಅಧಿಕೃತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಝೆರಾಕ್ಸ್ ಹಳೆಯದಾಗಿರಬಹುದು. ಕೈಗೆ ಬಂದ ಮೇಲೆ ಒಂದು ಸಲ ಪೂರ್ತಿ ಓದಿ. ಏನೇನು ಪರೀಕ್ಷೆ ಮಾಡುತ್ತಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಫಾರಂನಲ್ಲಿ ಕೇಳದ ಎಕ್ಸ್‌ರೇ, ರಕ್ತ ಪರೀಕ್ಷೆ, ಇಸಿಜಿಯನ್ನು ಕ್ಲಿನಿಕ್‌ನವರು ಪ್ಯಾಕೇಜಿನಲ್ಲಿ ಸೇರಿಸಿದರೆ, "ಇದು ಯಾತಕ್ಕೆ?" ಎಂದು ಕೇಳಿ. ನಿಮ್ಮ ಕಾಯಿಲೆಗೆ ಸಂಬಂಧಪಟ್ಟ ಕಾರಣ ಹೇಳಿದರೆ ಸರಿ. ಸುಮ್ನೆ ಸೇರಿಸಿದ್ದಾದರೆ ಬೇಡ ಅನ್ನಿ.

ತಾರೀಕು ಲೆಕ್ಕ ಹಾಕಿ

ಕೊನೇ ವಾರದವರೆಗೆ ಕಾದರೆ ಸಿಕ್ಕ ಡಾಕ್ಟರಿಗೆ ಅವರು ಕೇಳಿದಷ್ಟು ಕೊಡಬೇಕಾಗುತ್ತದೆ. ತೀರಾ ಮೊದಲೇ ಮಾಡಿಸಿದರೂ ಕಷ್ಟ. ಸರ್ಟಿಫಿಕೇಟಿಗೂ ವಾಯಿದೆ ಇರುತ್ತದೆ. ಬ್ರಿಟನ್‌ನಲ್ಲಿ ಪರೀಕ್ಷೆ ಆಗಿ 4 ತಿಂಗಳೊಳಗೆ ಅರ್ಜಿ ತಲುಪಬೇಕು. ಅಲ್ಲಿ 45 ವರ್ಷದಿಂದ ಪ್ರತಿ 5 ವರ್ಷಕ್ಕೊಮ್ಮೆ, 65 ಆದ ಮೇಲೆ ಪ್ರತಿ ವರ್ಷ ಪರೀಕ್ಷೆ ಇರುತ್ತದೆ. ಅಮೆರಿಕದಲ್ಲಿ ಸರ್ಟಿಫಿಕೇಟ್ ಹೆಚ್ಚೆಂದರೆ 24 ತಿಂಗಳು ನಡೆಯುತ್ತದೆ. ಭಾರತದಲ್ಲಿ ಸಾರಿಗೆ ವಾಹನದ ಲೈಸೆನ್ಸ್ ಅವಧಿ ಮೊದಲು 3 ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ ಅದನ್ನು 5 ವರ್ಷ ಮಾಡಿದರು. ನಿಮಗೆ ಅನ್ವಯಿಸುವ ವಾಯಿದೆ ತಿಳಿದುಕೊಂಡು, ಲೈಸೆನ್ಸ್ ಮುಗಿಯುವುದಕ್ಕೆ ಎರಡು ತಿಂಗಳು ಮೊದಲು ಓಡಾಟ ಶುರು ಮಾಡುವುದು ಒಳ್ಳೆಯದು. ಬಿಪಿ ಜಾಸ್ತಿ ಬಂತು, ಔಷಧ ತಗೊಂಡು ಮತ್ತೆ ಬನ್ನಿ ಎಂದರೂ ಆಗ ಸಮಯ ಇರುತ್ತದೆ.

ನಾಲ್ಕು ಕಡೆ ಫೋನ್ ಮಾಡಿ

ಇಂಥ ಪರೀಕ್ಷೆಯ ಫೀಸನ್ನು ಸಾಮಾನ್ಯವಾಗಿ ಕ್ಲಿನಿಕ್‌ನವರೇ ನಿಗದಿ ಮಾಡುತ್ತಾರೆ. ಅದಕ್ಕೇ ಅದೇ ಫಾರಂ, ಅದೇ ಪರೀಕ್ಷೆಗೆ ಒಂದೊಂದು ಕಡೆ ಒಂದೊಂದು ರೇಟು. ಮನೆಯ ಡಾಕ್ಟರ ಹತ್ತಿರವೇ ಕಡಿಮೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಚಾಲಕರ ಪರೀಕ್ಷೆಯನ್ನೇ ದಿನಾ ಮಾಡುವ ಕ್ಲಿನಿಕ್‌ಗಳು ಎಷ್ಟೋ ಸಲ ಇನ್ನೂ ಕಡಿಮೆ ತೆಗೆದುಕೊಳ್ಳುತ್ತವೆ. ಅವರಿಗೆ ಫಾರಂ ಬಾಯಿಪಾಠ, ತಪ್ಪು ಆಗುವುದೂ ಕಡಿಮೆ. ಆದರೆ ನಿಮಗೆ ಹಳೆಯ ಕಾಯಿಲೆ ಇದ್ದರೆ ನಿಮ್ಮ ದಾಖಲೆ ಇರುವ ಡಾಕ್ಟರೇ ವಾಸಿ.

ಫೋನಿನಲ್ಲಿ "ಎಷ್ಟಾಗುತ್ತೆ?" ಎಂದಷ್ಟೇ ಕೇಳಿದರೆ ಸಾಲದು. ಕಣ್ಣಿನ ಪರೀಕ್ಷೆ ಅದರಲ್ಲೇ ಸೇರಿದೆಯಾ? ಮೂತ್ರ ಪರೀಕ್ಷೆ? ಫಾರಂ ತುಂಬಲು ಬೇರೆ ಚಾರ್ಜ್ ಇದೆಯಾ? ಪಾಸ್ ಆಗದಿದ್ದರೆ ಮರುಪರೀಕ್ಷೆಗೆ ಪೂರ್ತಿ ಫೀಸಾ, ಅರ್ಧವಾ? ಫಾರಂನಲ್ಲಿ ಅವರಿಂದಲೇ ತಪ್ಪಾಗಿ ವಾಪಸ್ ಬಂದರೆ ಪುಕ್ಕಟೆ ಸರಿಮಾಡಿ ಕೊಡುತ್ತಾರಾ? ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ತೊಂದರೆ ಬಂದಾಗ ಉಪಯೋಗಕ್ಕೆ ಬರುವುದು ಅದೇ.

ಅದಕ್ಕೂ ಮೊದಲು ನಿಮ್ಮ ಮಾಲೀಕರನ್ನು ಕೇಳಿ ನೋಡಿ. ಎಷ್ಟೋ ಸಾರಿಗೆ ಕಂಪನಿಗಳು ಈ ಖರ್ಚನ್ನು ತಾವೇ ಕೊಡುತ್ತವೆ, ಆದರೆ ಕೇಳಿದವರಿಗೆ ಮಾತ್ರ. ಚಾಲಕರ ಸಂಘವಿದ್ದರೆ ಅಲ್ಲೂ ವಿಚಾರಿಸಿ. ಹತ್ತು ಹನ್ನೆರಡು ಜನ ಒಟ್ಟಿಗೆ ಹೋಗುತ್ತೇವೆ ಎಂದರೆ ರೇಟು ಇಳಿಸುವ ಕ್ಲಿನಿಕ್‌ಗಳಿವೆ. ಸ್ವಂತ ಗಾಡಿ ಇರುವವರು ರಸೀತಿ ಇಟ್ಟುಕೊಂಡು, ಅದನ್ನು ವ್ಯವಹಾರದ ಖರ್ಚಿಗೆ ಸೇರಿಸಬಹುದಾ ಅಂತ ಲೆಕ್ಕ ಬರೆಯುವವರನ್ನು ಕೇಳಲಿ.

ಜೊತೆಗೆ ಒಯ್ಯಬೇಕಾದ್ದು

ಗುರುತಿನ ಚೀಟಿ, ಹಳೆ ಲೈಸೆನ್ಸ್, ಫಾರಂ, ಕೇಳಿದ್ದರೆ ಫೋಟೊ. ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಡೋಸು ಬರೆದ ಪಟ್ಟಿ. ಅಥವಾ ಮಾತ್ರೆಯ ಸ್ಟ್ರಿಪ್ಪುಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಕಿವಿಗೆ ಮಿಷನ್ ಹಾಕುವವರು ಅದನ್ನು ಹಾಕಿಕೊಂಡೇ ಹೋಗಿ, ಬ್ಯಾಟರಿ ನೋಡಿಕೊಳ್ಳಿ.

ಶುಗರ್, ಹೃದಯದ ತೊಂದರೆ, ಫಿಟ್ಸ್, ನಿದ್ದೆಯ ತೊಂದರೆ ಇದ್ದವರಿಗೆ ಇಷ್ಟು ಸಾಲದು. ನಿಮ್ಮನ್ನು ನೋಡುವ ತಜ್ಞರಿಂದ ಇತ್ತೀಚಿನ ಪತ್ರ, ರಿಪೋರ್ಟು ಮೊದಲೇ ತೆಗೆದುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರಿಗೆ ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ಫಾರಂ ಇದೆ. ಚಿಕಿತ್ಸೆ ಕೊಡುವ ವೈದ್ಯರು ಅದಕ್ಕೆ ಸಹಿ ಹಾಕಿ 45 ದಿನದೊಳಗೆ ಪರೀಕ್ಷಕರ ಕೈ ಸೇರಬೇಕು. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಗೆ ಸಿಪ್ಯಾಪ್ ಮಿಷನ್ ಹಾಕಿಕೊಂಡು ಮಲಗುವವರು ಅದರ ಬಳಕೆಯ ದಾಖಲೆಯನ್ನು ಪ್ರಿಂಟ್ ಮಾಡಿಸಿಕೊಳ್ಳಿ. ರಾತ್ರಿ ಎಷ್ಟು ಗಂಟೆ ಬಳಸಿದ್ದೀರಿ ಅಂತ ಮಿಷನ್ನೇ ಲೆಕ್ಕ ಇಟ್ಟಿರುತ್ತದೆ. ಈ ಕಾಗದಗಳಿಲ್ಲದೆ ಹೋದರೆ ಡಾಕ್ಟರು ಸಹಿ ಹಾಕುವುದಿಲ್ಲ, ಅದು ಅವರ ತಪ್ಪಲ್ಲ.

ಕಣ್ಣು

ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಚಾರ್ಟನ್ನು ಹಾಲೆಂಡಿನ ವೈದ್ಯ ಸ್ನೆಲೆನ್ 1862ರಲ್ಲಿ ಮಾಡಿದ್ದು. ಇಂದಿಗೂ ಅದೇ ನಡೆಯುತ್ತಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೊಂದು ಕಣ್ಣಿಗೂ 20/40 ದೃಷ್ಟಿ ಬೇಕು, ಅಂದರೆ ಸರಿಯಾದ ಕಣ್ಣಿಗೆ 40 ಅಡಿ ದೂರದಿಂದ ಕಾಣುವ ಅಕ್ಷರ ನಿಮಗೆ 20 ಅಡಿಯಿಂದ ಕಾಣಬೇಕು. ಬ್ರಿಟನ್‌ನಲ್ಲಿ ಇದೇ ಲೆಕ್ಕ ಮೀಟರಿನಲ್ಲಿ: ಒಳ್ಳೆಯ ಕಣ್ಣಿಗೆ 6/7.5, ಇನ್ನೊಂದಕ್ಕೆ 6/60. ಭಾರತದ ಫಾರಂನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ, ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಕನ್ನಡಕ ಹಾಕಿಕೊಂಡು ಇಷ್ಟು ಕಂಡರೆ ಸಾಕು, ಬರಿಗಣ್ಣಿಗೇ ಕಾಣಬೇಕು ಅಂತೇನಿಲ್ಲ.

ನಿಮ್ಮ ಕನ್ನಡಕ ಹಳೆಯದಾಗಿದ್ದರೆ ಮೆಡಿಕಲ್‌ಗೆ ಮೊದಲೇ ಕಣ್ಣು ತೋರಿಸಿ ನಂಬರ್ ಸರಿಮಾಡಿಸಿಕೊಳ್ಳಿ. ಕಣ್ಣಿನಿಂದ ಫೇಲ್ ಆಗುವವರಲ್ಲಿ ಎಷ್ಟೋ ಜನರಿಗೆ ಬೇಕಿದ್ದದ್ದು ಹೊಸ ಗಾಜು ಅಷ್ಟೇ.

ಬಿಪಿ: ಹತ್ತು ನಿಮಿಷ ಮೊದಲೇ ಹೋಗಿ ಕೂರಿ

ಪರೀಕ್ಷೆಯಲ್ಲಿ ಜಾಸ್ತಿ ಜನ ಸಿಕ್ಕಿಬೀಳುವ ಜಾಗ ಇದು. ಗಾಡಿ ನಿಲ್ಲಿಸಿ, ಓಡಿಕೊಂಡು ಮೆಟ್ಟಿಲು ಹತ್ತಿ, ಕುಡಿದ ಕಾಫಿ ಇನ್ನೂ ಹೊಟ್ಟೆಯಲ್ಲಿರುವಾಗಲೇ ತೋಳಿಗೆ ಪಟ್ಟಿ ಕಟ್ಟಿಸಿಕೊಂಡರೆ ನಂಬರ್ ಮೇಲೆ ಹೋಗದೆ ಇರುತ್ತದಾ?

ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದರಿಂದಲೂ ಬಿಪಿ ಏರುತ್ತದೆ. ಮೂತ್ರದ ಸ್ಯಾಂಪಲ್ಲನ್ನು ಮೊದಲೇ ಕೊಟ್ಟುಬಿಟ್ಟರೆ ಎರಡೂ ಕೆಲಸ ಆಗುತ್ತದೆ. ಕುರ್ಚಿಗೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟಿಸಿಕೊಳ್ಳಬೇಡಿ. ಅಳೆಯುವಾಗ ಮಾತೂ ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಮೊದಲ ಸಲ ಜಾಸ್ತಿ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ ಎಂದು ಕೇಳಿ.

ಡಾಕ್ಟರನ್ನು ಕಂಡ ಕೂಡಲೇ ಬಿಪಿ ಏರುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರು ಮನೆಯಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ ಅಳೆದು ಬರೆದಿಟ್ಟು ಆ ಚೀಟಿ ಒಯ್ಯಲಿ. ಮಿತಿ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್‌ನಲ್ಲಿ ಮೇಲಿನ ನಂಬರ್ 180 ಅಥವಾ ಕೆಳಗಿನದು 100 ಮುಟ್ಟಿ ಅಲ್ಲೇ ನಿಂತರೆ ಲಾರಿ, ಬಸ್ ಓಡಿಸುವಂತಿಲ್ಲ. ಅಮೆರಿಕದ ಮಾರ್ಗಸೂಚಿಯಲ್ಲಿ 140/90 ದಾಟಿದರೆ ಸರ್ಟಿಫಿಕೇಟಿನ ಅವಧಿ ಮೊಟಕಾಗುತ್ತದೆ. ಅಂದರೆ ಬೇಗ ಬೇಗ ಪರೀಕ್ಷೆ, ಬೇಗ ಬೇಗ ಫೀಸು. ಅವತ್ತು ಬಿಪಿ ಮಾತ್ರೆ ಬಿಡಬೇಡಿ. ಪರೀಕ್ಷೆ ಅಂತ ಮಾತ್ರೆ ಬಿಟ್ಟು, ಉಪವಾಸ ಹೋಗುವ ಅಭ್ಯಾಸ ಕೆಲವರಿಗಿದೆ. ಡಾಕ್ಟರು ಹೇಳದೆ ಅದು ಬೇಡವೇ ಬೇಡ, ಶುಗರ್ ಇದ್ದವರಿಗಂತೂ ಅಪಾಯ.

ಮೂತ್ರ ಪರೀಕ್ಷೆ

ಎಲ್ಲ ದೇಶದ ಫಾರಂನಲ್ಲೂ ಇದು ಇರುವುದಿಲ್ಲ. ಇರುವ ಕಡೆ ಒಂದು ಉದ್ದನೆಯ ಕಡ್ಡಿಯನ್ನು ಸ್ಯಾಂಪಲ್ಲಿನಲ್ಲಿ ಅದ್ದುತ್ತಾರೆ. ಅದರ ಮೇಲಿನ ಸಣ್ಣ ಸಣ್ಣ ಚೌಕಗಳು ಒಂದೆರಡು ನಿಮಿಷದಲ್ಲಿ ಬಣ್ಣ ಬದಲಿಸುತ್ತವೆ. ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿ ಸಕ್ಕರೆ, ಪ್ರೋಟೀನ್, ರಕ್ತ ಇದೆಯೇ ಎಂದು ನೋಡುತ್ತಾರೆ. ಮಾದಕ ವಸ್ತುವಿನ ಪರೀಕ್ಷೆ ಬೇರೆ. ಅದಕ್ಕೆ ಬೇರೆ ಬಿಲ್ಲು ಇರಬಹುದು, ಅದು ನಿಮಗೆ ಬೇಕೇ ಅಂತ ಮೊದಲೇ ತಿಳಿದುಕೊಳ್ಳಿ.

ಇಲ್ಲಿ ಒಂದು ವಿಷಯ ಶುಗರ್ ಇರುವ ಚಾಲಕರಿಗೆ ಗೊತ್ತಿರಲೇಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕಿ. ಹಾಗಾಗಿ ರಕ್ತದಲ್ಲಿ ಶುಗರ್ ಹತೋಟಿಯಲ್ಲಿದ್ದರೂ ಕಡ್ಡಿಯ ಚೌಕ ಬಣ್ಣ ಬದಲಿಸುತ್ತದೆ. ಮಾತ್ರೆಯ ಹೆಸರು ಹೇಳಿ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟು ತೋರಿಸಿದರೆ ಡಾಕ್ಟರಿಗೆ ಅರ್ಥವಾಗುತ್ತದೆ. ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದರೆ ಮೂತ್ರದಲ್ಲಿ ಪ್ರೋಟೀನ್, ರಕ್ತ ಕಾಣಬಹುದು. ಮುಟ್ಟಿನ ದಿನಗಳಲ್ಲಿ ಮಹಿಳಾ ಚಾಲಕರು ಬೇರೆ ದಿನ ಹೋಗುವುದು ವಾಸಿ.

ಮುಚ್ಚಿಡಬೇಡಿ, ಸಹಿ ಕೊಂಡುಕೊಳ್ಳಬೇಡಿ

ಮುಟ್ಟಿಯೂ ನೋಡದೆ ದುಡ್ಡು ತಗೊಂಡು ಸೀಲು ಹೊಡೆದುಕೊಡುವವರು ಇದ್ದಾರೆ. ಅಗ್ಗ ಅನ್ನಿಸುತ್ತದೆ ನಿಜ. ಆದರೆ ಅಪಘಾತವಾಗಿ ವಿಚಾರಣೆ ನಡೆದರೆ ಆ ಕಾಗದ ನಿಮ್ಮ ಪರವಾಗಿ ನಿಲ್ಲುವುದಿಲ್ಲ. ಕಾಯಿಲೆ ಮುಚ್ಚಿಟ್ಟದ್ದು ಗೊತ್ತಾದರೆ ವಿಮೆಯ ವಿಷಯದಲ್ಲೂ ತಕರಾರು ಬರಬಹುದು. ಅದಕ್ಕಿಂತ ದೊಡ್ಡ ಮಾತು ನಿಮ್ಮ ಜೀವದ್ದು. ಶುಗರ್ ದಿಢೀರನೆ ಇಳಿದು ಕಣ್ಣು ಮಂಜಾಗುವುದು, ರಾತ್ರಿಯೆಲ್ಲ ಗೊರಕೆ ಹೊಡೆದು ಹಗಲು ಸ್ಟಿಯರಿಂಗ್ ಮುಂದೆ ತೂಕಡಿಸುವುದು, ಇವೆಲ್ಲ ಚಿಕಿತ್ಸೆ ಇರುವ ತೊಂದರೆಗಳು. ಪರೀಕ್ಷೆಯಲ್ಲಿ ಗೊತ್ತಾದರೆ ಔಷಧ ಶುರುವಾಗುತ್ತದೆ. ಹಿಂದೆ ನಲವತ್ತು ಜನರನ್ನು ಕೂರಿಸಿಕೊಂಡಿರುವಾಗ ಗೊತ್ತಾಗುವುದು ಬೇಡ ಅಲ್ವಾ?

ಪಾಸ್ ಆಗದಿದ್ದರೆ

ಹೆದರಿ ಬೇರೆ ಕ್ಲಿನಿಕ್‌ಗೆ ಓಡಬೇಡಿ. ಅಲ್ಲಿ ಮತ್ತೆ ಪೂರ್ತಿ ಫೀಸು ಕೊಡಬೇಕು. ಏನು ಸಾಲದೆ ಬಂತು, ಏನು ತಂದರೆ ಸಹಿ ಹಾಕುತ್ತೀರಿ ಅಂತ ಡಾಕ್ಟರನ್ನೇ ಕೇಳಿ, ಬರೆಸಿಕೊಳ್ಳಿ. ಅಮೆರಿಕದಲ್ಲಿ ಪರೀಕ್ಷಕರು ತೀರ್ಮಾನವನ್ನು 45 ದಿನದವರೆಗೆ ಬಾಕಿ ಇಡಬಹುದು. ಅಷ್ಟರಲ್ಲಿ ಬೇಕಾದ ರಿಪೋರ್ಟು ತಂದುಕೊಟ್ಟರೆ ಮೊದಲಿನಿಂದ ಶುರು ಮಾಡುವ ಪ್ರಮೇಯ ಬರುವುದಿಲ್ಲ. ಬೇರೆ ಕಡೆಯೂ ಹೀಗೆ ಅವಕಾಶ ಇದೆಯಾ ಎಂದು ಕೇಳುವುದರಲ್ಲಿ ನಷ್ಟವಿಲ್ಲ.

ಕ್ಲಿನಿಕ್ ಬಿಡುವ ಮುನ್ನ

ಅಲ್ಲೇ ಕೂತು ಫಾರಂನ ಪ್ರತಿ ಪುಟ ತಿರುಗಿಸಿ. ಹೆಸರು, ಹುಟ್ಟಿದ ತಾರೀಕು ಲೈಸೆನ್ಸ್‌ನಲ್ಲಿ ಇದ್ದಂತೆಯೇ ಇದೆಯಾ? ಖಾಲಿ ಬಿಟ್ಟ ಜಾಗ ಉಂಟಾ? ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ, ತಾರೀಕು ನಾಲ್ಕೂ ಇರಬೇಕು. ಫೋಟೊ ಅಂಟಿಸಿದ ಕಡೆ ಅದರ ಮೇಲೆ ಸಹಿ ಬೇಕಿದ್ದರೆ ಅದನ್ನೂ ಹಾಕಿಸಿ. ತಿದ್ದಿದ ಜಾಗವಿದ್ದರೆ ಪಕ್ಕದಲ್ಲಿ ಡಾಕ್ಟರ ಕಿರುಸಹಿ ಹಾಕಿಸಿಕೊಳ್ಳಿ. ಇದನ್ನೆಲ್ಲ ಕೌಂಟರಿನಲ್ಲಿ ನಿಂತಾಗಲೇ ಹೇಳಿದರೆ ತಕ್ಷಣ ಸರಿಮಾಡಿ ಕೊಡುತ್ತಾರೆ. ರಸೀತಿ ತೆಗೆದುಕೊಂಡು, ಎಲ್ಲ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಅದೇ ವಾರ ಅರ್ಜಿ ಸಲ್ಲಿಸಿಬಿಡಿ.